ಒಂದೇ ಕ್ರೀಡಾಂಗಣದಲ್ಲಿ ಎಲ್ಲಾ ಆಟ ಹಿಡಿಯುತ್ತದಾ? ಕೋಲಾರದ ಓದುಗರಿಗೆ ಉತ್ತರ

ಪ್ರಶ್ನೆ: ನಾವು ಕೋಲಾರದವರು. ಮಗಳು 400 ಮೀಟರ್ ಓಡುತ್ತಾಳೆ, ಮಗನಿಗೆ ಕ್ರಿಕೆಟ್ ಹುಚ್ಚು. ಜಿಲ್ಲಾ ಕ್ರೀಡಾಂಗಣವನ್ನು ಬಹುಪಯೋಗಿ ಕ್ರೀಡಾಂಗಣ ಮಾಡಿ ಅಂತ ಪೋಷಕರು ಸೇರಿ ಮನವಿ ಬರೆಯುತ್ತಿದ್ದೇವೆ. ಸಿಂಥೆಟಿಕ್ ಟ್ರ್ಯಾಕ್, ನಡುವೆ ಆರ್ಟಿಫಿಷಿಯಲ್ ಟರ್ಫ್ ಹಾಕಿದ ಫುಟ್‌ಬಾಲ್ ಅಂಗಳ, ಅದರಲ್ಲೇ ಕ್ರಿಕೆಟ್ ಪಿಚ್, ಪಕ್ಕದಲ್ಲಿ ಕಬಡ್ಡಿ, ವಾಲಿಬಾಲ್, ಸುತ್ತ 20 ಸಾವಿರ ಜನರ ಗ್ಯಾಲರಿ. ಇಷ್ಟೂ ಒಂದೇ ಕಡೆ ಸಾಧ್ಯವಾ? ಯಾವುದನ್ನು ಗಟ್ಟಿಯಾಗಿ ಕೇಳಬೇಕು, ಯಾವುದನ್ನು ಬಿಡಬೇಕು?

ಉತ್ತರ:

ಚಿಕ್ಕ ಉತ್ತರ ಮೊದಲೇ ಕೊಟ್ಟುಬಿಡುತ್ತೇನೆ. ನಿಮ್ಮ ಪಟ್ಟಿಯಿಂದ ಕ್ರಿಕೆಟ್ ಪಿಚ್ ತೆಗೆಯಿರಿ. 20 ಸಾವಿರದ ಗ್ಯಾಲರಿಯನ್ನೂ ತೆಗೆಯಿರಿ. ಆರ್ಟಿಫಿಷಿಯಲ್ ಟರ್ಫ್, ಅಂದರೆ ಪ್ಲಾಸ್ಟಿಕ್ ಹುಲ್ಲು, ಅಂತ ಬರೆದಿರೋ ಕಡೆ ನಿಜವಾದ ಹುಲ್ಲು ಅಂತ ಬರೆಯಿರಿ. ಅದರಲ್ಲಿ ಉಳಿಯೋ ದುಡ್ಡಿಗೆ ಲೈಟು, ಚರಂಡಿ, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸೋ ಕೋಣೆ, ಖಾಯಂ ಗ್ರೌಂಡ್‌ಮ್ಯಾನ್ ಕೇಳಿ. ಮಗ ಸಿಟ್ಟಾಗುತ್ತಾನೆ, ಗೊತ್ತು. ಅವನ ವಿಷಯಕ್ಕೂ ಬರುತ್ತೇನೆ.

ಬಹುಪಯೋಗಿ ಅಂದ ತಕ್ಷಣ ಎಲ್ಲರೂ ನಕ್ಷೆ ಬಿಡಿಸೋಕೆ ಕೂರುತ್ತಾರೆ. ಇಲ್ಲಿ ಇದು, ಅಲ್ಲಿ ಅದು. ಜಾಗಕ್ಕೆ ಬೀಳೋ ಜಗಳ ಕಡಿಮೆ, ಹೊತ್ತಿಗೆ ಬೀಳೋದೇ ಜಾಸ್ತಿ. ಶಾಲೆ ಬಿಡೋದು ನಾಲ್ಕು, ನಾಲ್ಕೂವರೆಗೆ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಕತ್ತಲು. ಈ ಒಂದೂವರೆ ಎರಡು ಗಂಟೆಯೊಳಗೆ ಓಟದವರು, ಫುಟ್‌ಬಾಲ್‌ನವರು, ಡಿಸ್ಕಸ್ ಎಸೆಯೋರು, ಪೊಲೀಸ್ ದೈಹಿಕ ಪರೀಕ್ಷೆಗೆ ತಯಾರಾಗೋ ಹುಡುಗರು, ವಾಕಿಂಗ್‌ನವರು, ಮೊಮ್ಮಗನಿಗೆ ಸೈಕಲ್ ಕಲಿಸೋ ತಾತ, ಎಲ್ಲರೂ ಒಂದೇ ಗೇಟಿನಿಂದ ಒಳಗೆ ಬರುತ್ತಾರೆ. ಬೆಳಗ್ಗೆ ಹತ್ತರಿಂದ ಮೂರರವರೆಗೆ ಹೋಗಿ ನೋಡಿ, ನಾಯಿ ಮಲಗಿರುತ್ತದೆ. ಹಾಗಾಗಿ ಯಾವ ಆಟ ಹಿಡಿಯುತ್ತದೆ ಅಂತ ಕೇಳೋ ಮುಂಚೆ, ಸಂಜೆ ನಾಲ್ಕೂವರೆಯಿಂದ ಆರೂವರೆ ಯಾರದು ಅಂತ ಕೇಳಬೇಕು. ಮನವಿಯ ಪ್ರತಿ ಸಾಲನ್ನೂ ಈ ಪ್ರಶ್ನೆ ಇಟ್ಟುಕೊಂಡು ಓದಿ. ಅರ್ಧ ಸಾಲು ತಾನಾಗೇ ಬಿದ್ದುಹೋಗುತ್ತವೆ.

ಈಗ ಅಳತೆ. 400 ಮೀಟರಿನ ಟ್ರ್ಯಾಕಿಗೆ ಒಂದು ಮಾದರಿ ನಕ್ಷೆ ಇದೆ. ಎರಡು ನೇರ ಬದಿ 84.39 ಮೀಟರ್, ಎರಡು ತಿರುವಿನ ಒಳ ತ್ರಿಜ್ಯ 36.50 ಮೀಟರ್. ಒಂದೊಂದು ಲೇನ್ 1.22 ಮೀಟರ್ ಅಗಲ. 8 ಲೇನ್ ಹಾಕಿದರೆ ಹೊರಗಿನ ಅಂಚಿಗೆ ಸುಮಾರು 177 ಮೀಟರ್ ಉದ್ದ, 92.5 ಮೀಟರ್ ಅಗಲ ಬೇಕು. ಅಂದರೆ ಬರೀ ಟ್ರ್ಯಾಕಿಗೇ ನಾಲ್ಕು ಎಕರೆ. ಗ್ಯಾಲರಿ, ಪಾರ್ಕಿಂಗ್, ಉಳಿದ ಅಂಗಳಗಳು ಬೇರೆ. ನಿಮ್ಮ ಗುಂಪಿನಲ್ಲಿ ಯಾರಾದರೂ ಸರ್ವೆಯವರು ಇದ್ದರೆ ಮೊದಲು ಜಾಗ ಅಳೆಸಿ. ಉದ್ದದ ದಿಕ್ಕು ಉತ್ತರ ದಕ್ಷಿಣಕ್ಕಿದ್ದರೆ ಒಳ್ಳೆಯದು. ಪೂರ್ವ ಪಶ್ಚಿಮಕ್ಕಿದ್ದರೆ ಸಂಜೆ ಗೋಲ್‌ಕೀಪರ್ ಕಣ್ಣಿಗೆ ಸೂರ್ಯ ನೇರ ಹೊಡೆಯುತ್ತಾನೆ.

ಈ ಟ್ರ್ಯಾಕಿನ ಒಳಗೆ ಫುಟ್‌ಬಾಲ್ ಅಂಗಳ ಹಿಡಿಯುತ್ತದೆ. ದೊಡ್ಡ ಪಂದ್ಯಗಳ ಅಳತೆ 105 ಮೀಟರ್ ಉದ್ದ, 68 ಮೀಟರ್ ಅಗಲ. ಟ್ರ್ಯಾಕಿನ ಒಳಗಿನ ಅಗಲ 73 ಮೀಟರ್. ಪಕ್ಕದಲ್ಲಿ ಎರಡೂವರೆ ಮೀಟರ್ ಉಳಿಯುತ್ತದೆ. ತೊಂದರೆ ಇರೋದು ನಾಲ್ಕು ಮೂಲೆಯಲ್ಲಿ. ಅಂಗಳ ಚೌಕ, ಟ್ರ್ಯಾಕ್ ದುಂಡು. ಕಾರ್ನರ್ ಬಾವುಟದ ಹತ್ತಿರ ಟ್ರ್ಯಾಕಿನ ಅಂಚು ಬರೀ ಒಂದು ಮೀಟರ್ ದೂರಕ್ಕೆ ಬಂದುಬಿಡುತ್ತದೆ. ಕಾರ್ನರ್ ಕಿಕ್ ತೆಗೆಯೋ ಹುಡುಗ ಹಿಂದಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ಅವನ ಬೂಟು ಸಿಂಥೆಟಿಕ್ ಮೇಲಿರುತ್ತದೆ. ಒಂದನೇ ಲೇನಿನ ರಬ್ಬರು ಬೇಗ ಹರಿಯೋದು ಈ ನಾಲ್ಕು ಕಡೆ. ಊರಿನ ಪಂದ್ಯಗಳಿಗೆ 100 ಮೀಟರ್ ಉದ್ದ, 64 ಮೀಟರ್ ಅಗಲ ಅಂತ ಗುರುತು ಹಾಕಿದರೆ ಆಟ ಏನೂ ಕೆಡಲ್ಲ, ಮೂಲೆಗೆ ಇನ್ನಷ್ಟು ಜಾಗ ಸಿಗುತ್ತದೆ. ಗೋಲಿನ ಹಿಂದಿನ ಅರ್ಧಚಂದ್ರದ ಜಾಗದಲ್ಲಿ ಹೈಜಂಪ್, ಶಾಟ್‌ಪುಟ್, ಜಾವೆಲಿನ್ ಓಟದ ಹಾದಿ ಕೂರುತ್ತವೆ. ಇಲ್ಲಿಯವರೆಗೂ ಸರಿ. ಓಟ, ಜಂಪ್, ಎಸೆತ, ಫುಟ್‌ಬಾಲ್, ಇವು ಒಂದೇ ಮನೆಯಲ್ಲಿ ಬಾಳೋ ಆಟಗಳು. ಬೆಂಗಳೂರಿನ ಕಂಠೀರವದಲ್ಲೂ ಟ್ರ್ಯಾಕಿನ ಒಳಗೇ ಫುಟ್‌ಬಾಲ್ ಇದೆ. ಅಲ್ಲೂ ಹೊತ್ತಿನ ವಿಷಯಕ್ಕೆ ಅಥ್ಲೀಟುಗಳಿಗೂ ಫುಟ್‌ಬಾಲಿಗೂ ಬಿದ್ದ ಜಗಳ ಹೈಕೋರ್ಟ್ ಮೆಟ್ಟಿಲು ಹತ್ತಿತು ಅನ್ನೋದನ್ನು ಮರೆಯಬೇಡಿ.

ಕ್ರಿಕೆಟ್ ಮಾತ್ರ ಆಗಲ್ಲ. ಇದು ನನಗೆ ಕ್ರಿಕೆಟ್ ಮೇಲಿನ ಕೋಪಕ್ಕೆ ಹೇಳೋ ಮಾತಲ್ಲ, ಟೇಪ್ ಹಿಡಿದು ಹೇಳೋ ಮಾತು. ಪಿಚ್ಚಿನ ನಡುವಿನಿಂದ ಟ್ರ್ಯಾಕಿನ ಒಳ ಅಂಚಿಗೆ ಪಕ್ಕದಲ್ಲಿ 36.5 ಮೀಟರ್. ಪುರುಷರ ಅಂತರರಾಷ್ಟ್ರೀಯ ಪಂದ್ಯಕ್ಕೆ ಬೌಂಡರಿ ಕಡಿಮೆ ಅಂದರೂ 59 ಮೀಟರ್ ಚಿಲ್ಲರೆ. ನಿಮ್ಮಲ್ಲಿ ಅಂತರರಾಷ್ಟ್ರೀಯ ಪಂದ್ಯ ಆಗಬೇಕಿಲ್ಲ, ಸರಿ. ಆದರೂ 36 ಮೀಟರಿಗೆ ಹತ್ತನೇ ಕ್ಲಾಸಿನ ಹುಡುಗ ಸುಮ್ನೆ ಎತ್ತಿ ಹೊಡೆದರೂ ಚೆಂಡು ಟ್ರ್ಯಾಕ್ ಮೇಲೆ ಬೀಳುತ್ತದೆ. ಲೆದರ್ ಬಾಲು ಅಂದರೆ ಆ ಹೊತ್ತಿಗೆ ಯಾರೂ ಓಡಂಗಿಲ್ಲ. ನಾಲ್ಕೂವರೆಯಿಂದ ಆರೂವರೆ ಅಂದೆನಲ್ಲ, ಅದರಲ್ಲಿ 22 ಜನ ಆಡೋಕೆ ಉಳಿದ 100 ಜನ ಗೇಟಿನಾಚೆ.

ಇನ್ನೊಂದು, ಪಿಚ್ಚಿನ ಮಣ್ಣು. ಕ್ರಿಕೆಟ್ ಪಿಚ್ಚಿಗೆ ಜೇಡಿ ಮಣ್ಣು ಹಾಕಿ ರೋಲರ್ ಹೊಡೆದು ಕಲ್ಲಿನ ಹಾಗೆ ಗಟ್ಟಿ ಮಾಡಬೇಕು. ಫುಟ್‌ಬಾಲ್ ಅಂಗಳದ ನಟ್ಟ ನಡುವೆ ಅದೇ 20 ಮೀಟರ್ ಉದ್ದದ ಗಟ್ಟಿ ಪಟ್ಟಿ ಬರುತ್ತದೆ. ಸುತ್ತ ಮೆತ್ತಗಿನ ಹುಲ್ಲು, ನಡುವೆ ಒಮ್ಮೆಲೇ ಗಟ್ಟಿ. ಕಾಲು ಉಳುಕೋಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ? ಬೆಂಗಳೂರನ್ನೇ ನೋಡಿ. ಕ್ರಿಕೆಟಿಗೆ ಚಿನ್ನಸ್ವಾಮಿ ಬೇರೆ, ಅಥ್ಲೆಟಿಕ್ಸಿಗೆ ಕಂಠೀರವ ಬೇರೆ, ಹಾಕಿಗೆ ಅಕ್ಕಿತಿಮ್ಮನಹಳ್ಳಿಯಲ್ಲಿ ಬೇರೆ. ಪಕ್ಕದ ಚಿಕ್ಕಬಳ್ಳಾಪುರದಲ್ಲೂ 2024ರ ಜನವರಿಯಲ್ಲಿ ಸಚಿನ್ ಮತ್ತು ಯುವರಾಜ್ ತಂಡಗಳು ಆಡಿದ್ದು ಮುದ್ದೇನಹಳ್ಳಿಯ ಸತ್ಯಸಾಯಿ ಗ್ರಾಮದಲ್ಲಿ ಕ್ರಿಕೆಟಿಗೇ ಅಂತ ಕಟ್ಟಿದ ಮೈದಾನದಲ್ಲಿ, ಜಿಲ್ಲಾ ಕ್ರೀಡಾಂಗಣದಲ್ಲಲ್ಲ. ಮಗನಿಗೆ ಬೇಕಾಗಿರೋದು ನೆಟ್ಸ್. ಎರಡು ಮೂರು ಪಿಚ್ಚಿನ ನೆಟ್ಸಿಗೆ ಒಂದು ಉದ್ದನೆಯ ಪಟ್ಟಿ ಜಾಗ ಸಾಕು, ಕಾಂಪೌಂಡ್ ಪಕ್ಕ ಎಲ್ಲಾದರೂ ಸಿಗುತ್ತದೆ. ಪೂರ್ತಿ ಪಂದ್ಯಕ್ಕೆ ಯಾವುದಾದರೂ ಕಾಲೇಜಿನ ಮೈದಾನ ಕೇಳಿ. ಅದು ಬೇರೆ ಮನವಿ, ಈ ಮನವಿಗೆ ತುರುಕಬೇಡಿ.

ಆರ್ಟಿಫಿಷಿಯಲ್ ಟರ್ಫ್ ವಿಷಯಕ್ಕೆ ಬರೋಣ. ಕಣ್ಣಿಗೆ ಚೆಂದ, ಉದ್ಘಾಟನೆಯ ಫೋಟೋದಲ್ಲಿ ಇನ್ನೂ ಚೆಂದ. ಆದರೆ ಅದನ್ನು ಹಾಕಿದ ದಿನವೇ ನಿಮ್ಮ ಜಿಲ್ಲೆಯ ಎಸೆತದ ಮಕ್ಕಳ ಕಥೆ ಮುಗಿಯಿತು. ಡಿಸ್ಕಸ್, ಹ್ಯಾಮರ್, ಜಾವೆಲಿನ್ ಮೂರೂ ಬಂದು ಬೀಳೋದು ಈ ನಡುವಿನ ಅಂಗಳದಲ್ಲೇ. ಫುಟ್‌ಬಾಲ್ ಟರ್ಫಿನ ಮೇಲೆ ಜಾವೆಲಿನ್ ಬಿದ್ದರೆ ತೂತು, ಹ್ಯಾಮರ್ ಬಿದ್ದರೆ ಗುಂಡಿ. ಮಾರನೇ ದಿನದಿಂದ ಎಸೆತ ನಿಷೇಧ ಅಂತ ಬೋರ್ಡ್ ಬರುತ್ತದೆ. ಹುಲ್ಲಾದರೆ ಗುಂಡಿಗೆ ಒಂದು ಬುಟ್ಟಿ ಮಣ್ಣು ಹಾಕಿ ತುಳಿದರೆ ಆಯಿತು. ಬಿಸಿಲಿನದ್ದೂ ಇದೆ. ಏಪ್ರಿಲ್ ಮಧ್ಯಾಹ್ನ ಪ್ಲಾಸ್ಟಿಕ್ ಹುಲ್ಲಿನ ಮೇಲ್ಮೈ 60 ಡಿಗ್ರಿ ದಾಟಬಹುದು. ಬೇಸಿಗೆ ರಜೆಯ ಶಿಬಿರಕ್ಕೆ ಬರೋ ಎಂಟು ವರ್ಷದ ಮಗುವನ್ನು ಅದರ ಮೇಲೆ ಬೀಳಿಸಿ ನೋಡಿ, ಮೊಣಕಾಲಿನ ಚರ್ಮ ಉತ್ತರ ಕೊಡುತ್ತದೆ.

ಟರ್ಫ್ ಪರವಾಗಿ ಹೇಳೋಕೂ ಒಂದು ನ್ಯಾಯವಾದ ಮಾತಿದೆ. ಅದು ಎಷ್ಟು ಹೊತ್ತು ಆಡಿದರೂ ತಡೆಯುತ್ತದೆ. ಹುಲ್ಲು ವಾರಕ್ಕೆ 15, ಹೆಚ್ಚೆಂದರೆ 20 ಗಂಟೆ ಆಟ ತಡೆದೀತು, ಆಮೇಲೆ ಗೋಲಿನ ಮುಂದೆ ಬೋಳಾಗೋಕೆ ಶುರು. ಮತ್ತೆ ನೀರು. ಕೋಲಾರದಲ್ಲಿ ನೀರಿನ ಲೆಕ್ಕ ಹೇಳದೆ ಹುಲ್ಲು ಬೇಕು ಅಂತ ಬರೆದರೆ ಇಂಜಿನಿಯರ್ ನಗುತ್ತಾರೆ. ಲೆಕ್ಕ ಹಾಕೋಣ. ಟ್ರ್ಯಾಕಿನ ಒಳಗಿನ ಜಾಗ ಹತ್ತಿರ ಹತ್ತಿರ 10,300 ಚದರ ಮೀಟರ್. ಬೇಸಿಗೆಯಲ್ಲಿ ಹುಲ್ಲಿಗೆ ದಿನಕ್ಕೆ 4ರಿಂದ 5 ಮಿಲಿಮೀಟರ್ ನೀರು ಅಂತ ಇಟ್ಟುಕೊಂಡರೆ ದಿನಕ್ಕೆ 40ರಿಂದ 50 ಸಾವಿರ ಲೀಟರ್. ದಿನಾ ಎಂಟು ಟ್ಯಾಂಕರ್ ಅಂದುಕೊಳ್ಳಿ. ಸಾವಿರ ಅಡಿ ಕೊರೆದರೂ ನೀರು ಸಿಗದ ಊರಿನಲ್ಲಿ ಇದನ್ನು ಬೋರ್‌ವೆಲ್‌ನಿಂದ ಕೇಳೋದು ತಪ್ಪು.

ಹಾಗಾದರೆ ಎಲ್ಲಿಂದ? ಮಳೆಯಿಂದ. ಒಂದು ಜೋರು ಮಳೆ, 50 ಮಿಲಿಮೀಟರ್ ಸುರಿದರೆ ಆ ನಾಲ್ಕು ಎಕರೆ ಮೇಲೆ ಬೀಳೋ ನೀರು 8 ಲಕ್ಷ ಲೀಟರ್. ಅಷ್ಟೂ ಸಿಗಲ್ಲ, ಹುಲ್ಲು ಕುಡಿಯುತ್ತದೆ, ಮಣ್ಣು ಕುಡಿಯುತ್ತದೆ. ಆದರೆ ಸಿಂಥೆಟಿಕ್ ಟ್ರ್ಯಾಕ್ ಮತ್ತು ಗ್ಯಾಲರಿ ಚಾವಣಿಯ ಮೇಲೆ ಬಿದ್ದಿದ್ದು ಬಹುಪಾಲು ಹರಿದು ಬರುತ್ತದೆ. ಅದನ್ನು ಹಿಡಿಯೋಕೆ ನೆಲದೊಳಗೆ ತೊಟ್ಟಿ ಬೇಕು. ಹೇಗೂ ಚರಂಡಿ ಕಟ್ಟಲೇಬೇಕು, ಅದರ ಕೊನೆಗೆ ತೊಟ್ಟಿ ಇಡಿ ಅಂತ ಮನವಿಯಲ್ಲಿ ಬರೆಯಿರಿ. ಬರೀ ತೊಟ್ಟಿಯಿಂದ ವರ್ಷಪೂರ್ತಿ ಆಗಲ್ಲ. ಬೇಸಿಗೆಯಲ್ಲಿ ಹುಲ್ಲು ಕಂದು ಬಣ್ಣಕ್ಕೆ ತಿರುಗಲಿ, ಬಿಡಿ. ಗರಿಕೆ ಜಾತಿಯ ಬರ್ಮುಡಾ ಹುಲ್ಲು ಒಣಗಿದ ಹಾಗೆ ಕಂಡರೂ ಬೇರು ಜೀವ ಹಿಡಿದಿರುತ್ತದೆ, ಎರಡು ಮಳೆಗೆ ಚಿಗುರುತ್ತದೆ. ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಕಳಿಸೋ ಕೆ.ಸಿ. ವ್ಯಾಲಿ ನೀರು ಬಳಸಬಹುದಲ್ವಾ ಅಂತ ನಿಮ್ಮಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. 2018ರಿಂದ ಜಿಲ್ಲೆಯ ಕೆರೆಗಳಿಗೆ ಬರುತ್ತಿರೋದು ಎರಡು ಹಂತ ಶುದ್ಧೀಕರಿಸಿದ ನೀರು. ಮೂರನೇ ಹಂತ ಬೇಕು ಅಂತ ಜಿಲ್ಲೆಯ ಜನ ಕೇಳುತ್ತಲೇ ಇದ್ದಾರೆ. ಮಕ್ಕಳು ಬಿದ್ದು ಏಳೋ ಹುಲ್ಲಿಗೆ ಅಂಥ ನೀರನ್ನು ಸ್ಪ್ರಿಂಕ್ಲರಿನಲ್ಲಿ ಚಿಮ್ಮಿಸೋದು ನನಗೆ ಒಪ್ಪಿಗೆ ಇಲ್ಲ. ಇನ್ನೊಂದು ಸುತ್ತು ಸೋಸೋ ವ್ಯವಸ್ಥೆ ಮಾಡಿಕೊಂಡರೆ ಆಮೇಲೆ ಮಾತಾಡೋಣ.

ಚರಂಡಿ ಅಂದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಟ್ರ್ಯಾಕ್ ಹಾಳಾಗೋದು ಓಡಿದ್ದಕ್ಕಲ್ಲ, ನೀರು ನಿಂತಿದ್ದಕ್ಕೆ. ಟ್ರ್ಯಾಕ್ ನೋಡೋಕೆ ಮಟ್ಟಸ ಕಂಡರೂ ಒಳಗಡೆಗೆ ಸ್ವಲ್ಪ ಇಳಿಜಾರು ಇರುತ್ತದೆ, 100ಕ್ಕೆ 1 ದಾಟಬಾರದು ಅಂತ ನಿಯಮ. ಆ ನೀರೆಲ್ಲ ಒಂದನೇ ಲೇನಿನ ಅಂಚಿಗೆ ಬಂದು, ಅಲ್ಲಿರೋ ಕಿರಿದಾದ ಚರಂಡಿಗೆ ಇಳಿಯಬೇಕು. ಒಳಗಿನ ಹುಲ್ಲಿನ ಅಂಗಳ ನಡುವೆ ಎತ್ತರ, ಅಂಚಿಗೆ ತಗ್ಗು. ಅದರ ನೀರೂ ಅದೇ ಚರಂಡಿಗೇ ಬರುತ್ತದೆ. ಕತ್ತರಿಸಿದ ಹುಲ್ಲು, ಕೆಮ್ಮಣ್ಣು, ಗುಟ್ಕಾ ಚೀಟಿ ಸೇರಿ ಆ ಸೀಳು ಮುಚ್ಚಿಕೊಂಡರೆ ನೀರು ಟ್ರ್ಯಾಕಿನ ಅಡಿಗೆ ನುಗ್ಗುತ್ತದೆ. ಅಡಿಯಲ್ಲಿರೋದು ಡಾಂಬರು, ಅದರ ಕೆಳಗೆ ಜಲ್ಲಿ, ಅದರ ಕೆಳಗೆ ನಿಮ್ಮ ಕೋಲಾರದ ಕೆಂಪು ಮಣ್ಣು. ನೀರು ಅಲ್ಲಿ ಸಿಕ್ಕಿಕೊಂಡು, ಮೇಲಿಂದ ಬಿಸಿಲು ಕಾಯಿಸಿದಾಗ, ಆವಿ ಮೇಲಕ್ಕೆ ಒತ್ತುತ್ತದೆ. ರಬ್ಬರು ಡಾಂಬರಿನಿಂದ ಬಿಟ್ಟುಕೊಂಡು ಗುಳ್ಳೆ ಏಳುತ್ತದೆ. ಕೈ ಅಗಲದ ಗುಳ್ಳೆ, ಹೆಬ್ಬೆರಳಲ್ಲಿ ಒತ್ತಿದರೆ ಒಳಕ್ಕೆ ಹೋಗಿ ಮತ್ತೆ ಮೇಲೆ ಬರುತ್ತದೆ. ಯಾರೋ ಹುಡುಗ ಅದಕ್ಕೆ ಮೊಳೆ ಚುಚ್ಚುತ್ತಾನೆ, ಅಲ್ಲಿಂದ ಸಿಪ್ಪೆ ಏಳೋಕೆ ಶುರು. ಕೋಟಿಗಟ್ಟಲೆ ಸುರಿದು ಹಾಕಿದ ಟ್ರ್ಯಾಕು, ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬರಬೇಕಾದ್ದು, ಮೂರನೇ ಮಳೆಗಾಲಕ್ಕೆ ತೇಪೆ ಹಾಕಿಸಿಕೊಳ್ಳುತ್ತದೆ. ವಾರಕ್ಕೊಮ್ಮೆ ಆ ಚರಂಡಿಯ ಮುಚ್ಚಳ ತೆಗೆದು ಗುಡಿಸೋ ಒಬ್ಬ ಮನುಷ್ಯನ ಸಂಬಳ ಉಳಿಸೋಕೆ ಹೋಗಿ ಹೀಗಾಗುತ್ತದೆ. ಕೋಲಾರದಲ್ಲೂ ಚಿಕ್ಕಬಳ್ಳಾಪುರದಲ್ಲೂ ಜಿಲ್ಲಾ ಕ್ರೀಡಾಂಗಣಕ್ಕೆ ಇಟ್ಟಿರೋದು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು. ನೀರನ್ನು ಹೇಳಿದ ಕಡೆ ಹರಿಸಿದ ಇಂಜಿನಿಯರು. ಅವರ ಹೆಸರಿನ ಮೈದಾನದಲ್ಲಿ ನೀರು ನಿಂತರೆ ಚೆನ್ನಾಗಿರಲ್ಲ.

ಟ್ರ್ಯಾಕ್ ಹಾಕೋ ಕಾಲವೂ ಮುಖ್ಯ. ಪಾಲಿಯುರಿಥೇನ್ ಅಂಟು ಮತ್ತು ರಬ್ಬರ್ ಕಾಳು ಸೇರಿಸಿ ಹಾಸೋದು ಈ ಕೆಲಸ. ತೇವ ಅದಕ್ಕೆ ಆಗಲ್ಲ. ಹೊಸ ಡಾಂಬರು ಕೆಲವು ವಾರ ಹದವಾಗೋಕೆ ಬಿಡಬೇಕು. ನಮ್ಮ ಕಡೆ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಸಮಯ. ಯಾರೋ ಬಂದು ಉದ್ಘಾಟನೆ ಮಾಡೋ ದಿನಾಂಕಕ್ಕೆ ಓಡಿಬಿದ್ದು ಆಗಸ್ಟ್ ಮೋಡದಲ್ಲಿ ಹಾಸಿದ ಟ್ರ್ಯಾಕನ್ನು ನಾನಂತೂ ನಂಬಲ್ಲ.

ಗುತ್ತಿಗೆದಾರ ಕೆಲಸ ಮುಗಿಸಿ ಹಸ್ತಾಂತರ ಮಾಡೋ ದಿನ ನಿಮ್ಮ ಕಡೆಯವರೂ ಅಲ್ಲಿರಬೇಕು. ಏನು ನೋಡಬೇಕು ಅಂದರೆ, ಮೊದಲು ದಪ್ಪ. ಸರಾಸರಿ 12 ಮಿಲಿಮೀಟರಿಗೆ ಕಡಿಮೆ ಇರಬಾರದು. 10.5ಕ್ಕಿಂತ ತೆಳು ಇರೋ ಜಾಗ ಒಟ್ಟು ಟ್ರ್ಯಾಕಿನ ಹತ್ತರಲ್ಲಿ ಒಂದು ಭಾಗ ದಾಟಬಾರದು. ಮೂರು ಮೊನೆಯ ಸಲಾಕೆ ಚುಚ್ಚಿ ನೋಡುತ್ತಾರೆ, ಎಲ್ಲಿ ಚುಚ್ಚಬೇಕು ಅಂತ ನೀವು ತೋರಿಸಿ, ಅವರಿಗೆ ಬಿಡಬೇಡಿ. ಆಮೇಲೆ ಮಟ್ಟ. 4 ಮೀಟರಿನ ನೇರ ಪಟ್ಟಿ ಇಟ್ಟರೆ ಅಡಿಯಲ್ಲಿ 6 ಮಿಲಿಮೀಟರಿಗಿಂತ ಜಾಸ್ತಿ ಸಂದು ಕಾಣಬಾರದು. ಕೊನೆಗೆ ನೀರು. ಟ್ರ್ಯಾಕ್ ಪೂರ್ತಿ ತೋಯಿಸಿ, 20 ನಿಮಿಷ ಚಹಾ ಕುಡಿದು ಬನ್ನಿ. ಎಲ್ಲಾದರೂ ಹೊಂಡದಂತೆ ನಿಂತಿದ್ದರೆ ಸಹಿ ಹಾಕಬೇಡಿ ಅಂತ ಅಧಿಕಾರಿಗೆ ಅಲ್ಲೇ ಹೇಳಿ. ಈ ಮೂರೂ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ಅಳತೆಗೋಲು, ನನ್ನ ಸ್ವಂತದ್ದಲ್ಲ.

ಸ್ವಾತಂತ್ರ್ಯ ದಿನ, ಗಣರಾಜ್ಯೋತ್ಸವ, ರಾಜ್ಯೋತ್ಸವ. ಜಿಲ್ಲಾ ಕೇಂದ್ರದ ಕ್ರೀಡಾಂಗಣಕ್ಕೆ ಈ ಮೂರು ಹಬ್ಬ ತಪ್ಪಿದ್ದಲ್ಲ, ತಪ್ಪಬೇಕಾಗಿಯೂ ಇಲ್ಲ. ಸಾವಿರ ಮಕ್ಕಳು ಕುಣಿದರೆ ಟ್ರ್ಯಾಕಿಗೆ ಏನೂ ಆಗಲ್ಲ. ಪಥಸಂಚಲನದ ಬೂಟಿನಿಂದಲೂ ಏನೂ ಆಗಲ್ಲ. ಆಗೋದು ಬೇರೆಯದರಿಂದ. ಹಿಂದಿನ ದಿನ ಶಾಮಿಯಾನದವರು ಬರುತ್ತಾರೆ. ಗೂಟ ಹೊಡೆಯೋಕೆ ಅವರಿಗೆ ಎಲ್ಲಾ ನೆಲವೂ ಒಂದೇ. ಕುರ್ಚಿ ತುಂಬಿದ ಟೆಂಪೋ ಹತ್ತಿರದ ದಾರಿ ಅಂತ ಲೇನ್ ಮೇಲೇ ರಿವರ್ಸ್ ತೆಗೆದುಕೊಳ್ಳುತ್ತದೆ. ಜನರೇಟರಿನ ಡೀಸೆಲ್ ಎರಡು ಹನಿ ಬಿದ್ದರೆ ಆ ಜಾಗದ ರಬ್ಬರು ಮೆತ್ತಗಾಗಿ ಕಿತ್ತುಬರುತ್ತದೆ. ಇದಕ್ಕೆ ಮದ್ದು ದೊಡ್ಡದೇನಲ್ಲ. ವೇದಿಕೆ ಟ್ರ್ಯಾಕಿನ ಹೊರಗೆ ಖಾಯಂ ಕಾಂಕ್ರೀಟಿನದ್ದು ಇರಲಿ. ವಾಹನ ದಾಟಲೇಬೇಕಾದ ಒಂದು ಜಾಗ ಗುರುತು ಮಾಡಿ, ದಪ್ಪ ರಬ್ಬರ್ ಮ್ಯಾಟು, ಮೇಲೆ ಹಲಗೆ ಹಾಸಿ. ತೆರೆದ ಜೀಪಿನಲ್ಲಿ ವಂದನೆ ಸ್ವೀಕರಿಸೋರು ಅಷ್ಟು ದೂರ ನಡೆದರೂ ಆಗುತ್ತದೆ ಅನ್ನೋದು ನನ್ನ ಅಭಿಪ್ರಾಯ, ಅದನ್ನು ಮನವಿಯಲ್ಲಿ ಬರೆಯಬೇಡಿ.

ಆರ್ಕೆಸ್ಟ್ರಾ, ರಾಜಕೀಯ ಸಮಾವೇಶ, ಮೇಳಗಳಿಗೆ ಮಾತ್ರ ಇಲ್ಲ ಅಂತಲೇ ಕೇಳಿ. ಒಂದು ಸಮಾವೇಶ ಅಂದರೆ ಕಟ್ಟೋಕೆ ಮೂರು ದಿನ, ಬಿಚ್ಚೋಕೆ ಎರಡು ದಿನ, ಗುಂಡಿ ಮುಚ್ಚೋಕೆ ಒಂದು ವಾರ. ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ಮುಂಚಿನ ವಾರವೇ ಇದು ಬರುತ್ತದೆ, ಯಾಕೋ ಗೊತ್ತಿಲ್ಲ, ಯಾವಾಗಲೂ ಹಾಗೇ.

ಈಗ ಆ ಎರಡು ಗಂಟೆಗೆ ವಾಪಸ್ ಬರೋಣ. ಅದನ್ನು ನಾಲ್ಕು ಗಂಟೆ ಮಾಡೋ ದಾರಿ ಲೈಟು. ನಾಲ್ಕು ಕಂಬ, ಎಲ್‌ಇಡಿ ದೀಪ. ಟಿವಿಯಲ್ಲಿ ತೋರಿಸೋ ಪಂದ್ಯದ ಬೆಳಕು ನಿಮಗೆ ಬೇಕಾಗಿಲ್ಲ. ಬೆಳಕನ್ನು ಲಕ್ಸ್ ಲೆಕ್ಕದಲ್ಲಿ ಅಳೆಯುತ್ತಾರೆ. ದೊಡ್ಡ ಪಂದ್ಯಕ್ಕೆ 500 ಲಕ್ಸ್ ಬೇಕು, ಓಟದ ಅಭ್ಯಾಸಕ್ಕೆ 100 ಲಕ್ಸ್ ಸಾಕು. ಎರಡು ಸ್ವಿಚ್ ಇಡಿಸಿ, ಅಭ್ಯಾಸಕ್ಕೆ ಒಂದು, ಪಂದ್ಯಕ್ಕೆ ಒಂದು. ಇಲ್ಲದಿದ್ದರೆ ಕರೆಂಟ್ ಬಿಲ್ ಬಂದ ಮೊದಲ ತಿಂಗಳೇ ಯಾರೋ ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಬೆಳಕಿದ್ದರೆ ನಾಲ್ಕೂವರೆಯಿಂದ ಆರೂವರೆ ಶಾಲಾ ಮಕ್ಕಳಿಗೆ, ಆರೂವರೆಯಿಂದ ಎಂಟೂವರೆ ದೊಡ್ಡವರ ಫುಟ್‌ಬಾಲಿಗೆ, ಪೊಲೀಸ್ ಪರೀಕ್ಷೆಯ ಹುಡುಗರಿಗೆ. ಎಸೆತಕ್ಕೆ ವಾರದಲ್ಲಿ ಎರಡು ಮೂರು ಸಂಜೆ ಬೇರೆಯಾಗಿ ಕೊಡಿ, ಆ ಹೊತ್ತು ಒಳಗಡೆ ಫುಟ್‌ಬಾಲ್ ಬೇಡ. ಪುರುಷರ ಡಿಸ್ಕಸ್ ಎರಡು ಕೆ.ಜಿ. ತೂಕ. ಬಲೆಯ ಗೂಡು ಇದ್ದರೂ ಎಸೆಯೋ ದಿಕ್ಕಿನಲ್ಲಿ ಯಾರೂ ಇರಬಾರದು. ಈ ವೇಳಾಪಟ್ಟಿ ಗೇಟಿನ ಮೇಲೆ ಬಣ್ಣದಲ್ಲಿ ಬರೆಸಿ. ಕಾಗದದಲ್ಲಿ ಅಂಟಿಸಿದ್ದು ಮಾರನೇ ದಿನ ಇರಲ್ಲ.

ವಾಕಿಂಗ್‌ನವರನ್ನು ಶತ್ರು ಮಾಡಿಕೊಳ್ಳಬೇಡಿ. ಅವರು ಒಂದನೇ ಲೇನಿನಲ್ಲಿ ನಾಲ್ಕು ಜನ ಸಾಲಾಗಿ, ಮಂಡಿ ನೋವಿನ ಮಾತಾಡುತ್ತಾ ನಡೆಯುತ್ತಾರೆ, ಹಿಂದಿನಿಂದ ಓಡಿ ಬರೋ ಹುಡುಗಿ ಟ್ರ್ಯಾಕ್ ಟ್ರ್ಯಾಕ್ ಅಂತ ಕೂಗಿದರೂ ಪಕ್ಕಕ್ಕೆ ಸರಿಯೋದಿಲ್ಲ. ಇದೆಲ್ಲ ನಿಜ. ಆದರೆ ಬೆಳಗ್ಗೆ ಐದೂವರೆಗೆ ಬಂದು ಲೈಟ್ ಹೋಗಿದೆ, ನಲ್ಲಿ ಸೋರುತ್ತಿದೆ ಅಂತ ಅಧಿಕಾರಿಗೆ ಫೋನ್ ಮಾಡೋರೂ ಅವರೇ. ಟ್ರ್ಯಾಕಿನ ಹೊರಗೆ ಎರಡು ಮೂರು ಮೀಟರ್ ಅಗಲದ ಮಣ್ಣಿನ ಹಾದಿ ಮಾಡಿಸಿ, ಪಕ್ಕ ನೆರಳಿನ ಮರ ಹಾಕಿಸಿ. ಎಂಟನೇ ಲೇನಿನ ಸುತ್ತೇ 453 ಮೀಟರ್ ಆಗುತ್ತದೆ, ಹೊರಗಿನ ಹಾದಿ ಇನ್ನೂ ಉದ್ದ. ಕಡಿಮೆ ಸುತ್ತು, ಜಾಸ್ತಿ ದೂರ. ಅವರಿಗೂ ಖುಷಿ.

ಗ್ಯಾಲರಿ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಪಶ್ಚಿಮ ದಿಕ್ಕಿಗೆ ಚಾವಣಿ ಇರೋ ಒಂದು ಗ್ಯಾಲರಿ, ಒಂದೆರಡು ಸಾವಿರ ಜನಕ್ಕೆ, ಸಾಕು. ಉಳಿದ ಕಡೆ ಮಣ್ಣಿನ ದಿಬ್ಬ, ಹುಲ್ಲು. ಗ್ಯಾಲರಿ ಅಡಿಯ ಜಾಗವನ್ನು ಅಂಗಡಿಗೆ ಕೊಡೋ ಮುಂಚೆ ಬಟ್ಟೆ ಬದಲಿಸೋ ಕೋಣೆ, ಶೌಚಾಲಯ, ಜಿಮ್, ಸಾಮಾನು ಇಡೋ ಕೋಣೆ ಅಂತ ಗುರುತು ಹಾಕಿಸಿ. ಹೆಣ್ಣುಮಕ್ಕಳು ಹೈಸ್ಕೂಲ್ ದಾಟಿದ ಮೇಲೆ ಮೈದಾನಕ್ಕೆ ಬರೋದು ನಿಲ್ಲಿಸೋಕೆ ಕಾರಣ ಹುಡುಕೋರು ಎಲ್ಲೆಲ್ಲೋ ಹುಡುಕುತ್ತಾರೆ. ಸಂಜೆ ಆರಕ್ಕೆ ಬೀಗ ಹಾಕಿದ ಶೌಚಾಲಯದ ಬಾಗಿಲು ನೋಡಿದರೆ ಸಾಕು. ಬೀಗದ ಕೈ ಯಾರ ಹತ್ತಿರ ಇರಬೇಕು, ಎಷ್ಟು ಹೊತ್ತಿನವರೆಗೆ ತೆರೆದಿರಬೇಕು ಅಂತಲೂ ಬರೆಯಿರಿ. ಇದು ಸಣ್ಣ ವಿಷಯ ಅಂತ ನಿಮ್ಮ ಗುಂಪಿನ ಗಂಡಸರು ಹೇಳಬಹುದು, ಕಿವಿಗೆ ಹಾಕಿಕೊಳ್ಳಬೇಡಿ.

ಕಬಡ್ಡಿ, ವಾಲಿಬಾಲ್ ಸುಲಭ, ಖರ್ಚೂ ಕಡಿಮೆ. ಟ್ರ್ಯಾಕಿನ ತಿರುವಿನ ಹೊರಗೆ ನಾಲ್ಕು ಮೂಲೆಯಲ್ಲಿ ಜಾಗ ಉಳಿಯುತ್ತದಲ್ಲ, ಅಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿದರೆ 13 ಕ್ಕೆ 10 ಮೀಟರಿನ ಕಬಡ್ಡಿ ಅಂಗಳ ಅಲ್ಲಿ ಕೂರುತ್ತದೆ. 18 ಕ್ಕೆ 9ರ ವಾಲಿಬಾಲ್ ಅಂಗಳ ಉಸಿರು ಬಿಗಿಹಿಡಿದು ಕೂರುತ್ತದೆ, ಆದರೆ ಸುತ್ತ ಬೇಕಾದ ಮೂರು ಮೀಟರ್ ಖಾಲಿ ಜಾಗ ಸಿಗಲ್ಲ. ಚೆಂಡಿನ ಹಿಂದೆ ಓಡಿದವನು ಟ್ರ್ಯಾಕಿಗೋ ಕಾಂಪೌಂಡಿಗೋ ಹೋಗಿ ಗುದ್ದುತ್ತಾನೆ. 27 ಕ್ಕೆ 16ರ ಖೋ ಖೋ ಅಂತೂ ಸಾಧ್ಯವೇ ಇಲ್ಲ. ಹಾಗಾಗಿ ನಾಲ್ಕು ಎಕರೆ ಬಿಟ್ಟು ಇನ್ನೊಂದು ಎಕರೆ ಪಕ್ಕದಲ್ಲಿ ಇದ್ದರೆ ಮಾತ್ರ ಇವನ್ನು ಬರೆಯಿರಿ.

ಮನವಿ ಯಾರಿಗೆ? ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಗೆ, ಒಂದು ಪ್ರತಿ ಜಿಲ್ಲಾಧಿಕಾರಿಗೆ. ಕಟ್ಟೋ ದುಡ್ಡಿನ ಜೊತೆ ವರ್ಷಾವರ್ಷದ ನಿರ್ವಹಣೆಯ ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳೋದು ಮರೆಯಬೇಡಿ. ಕೆಲಸ ಮಂಜೂರಾದರೆ ಟೆಂಡರಿನಲ್ಲಿ ದೋಷ ಸರಿಪಡಿಸೋ ಹೊಣೆ ಗುತ್ತಿಗೆದಾರನ ಮೇಲೆ ಎಷ್ಟು ವರ್ಷ ಇದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು, ಅದಕ್ಕೇ ದಪ್ಪ, ಚರಂಡಿ, ದೋಷದ ಹೊಣೆ ಎಲ್ಲಾ ಒಂದರಲ್ಲೇ ಕೇಳಿದರೆ ವಾಪಸ್ ಬರುತ್ತದೆ.

ಇಷ್ಟೆಲ್ಲ ಆಗೋಕೆ ವರ್ಷಗಳು ಹಿಡಿಯಬಹುದು, ಮಗಳು ಅಷ್ಟು ದಿನ ಕಾಯೋಕಾಗಲ್ಲ ಅಲ್ವಾ. ಮಣ್ಣಿನ ಟ್ರ್ಯಾಕ್ ಕೀಳು ಅಂತ ತಿಳಿಯಬೇಡಿ, ದಿನದ ಅಭ್ಯಾಸಕ್ಕೆ ಕಾಲಿಗೆ ಅದು ಹಿತವೇ. ಆದರೆ ಅಳತೆ ನೋಡಿಕೊಳ್ಳಿ. ಒಳ ಅಂಚಿಗೆ ಸಣ್ಣ ಕಟ್ಟೆ ಇರೋ ಟ್ರ್ಯಾಕಿನಲ್ಲಿ ಒಂದನೇ ಲೇನನ್ನು ಆ ಅಂಚಿನಿಂದ 30 ಸೆಂಟಿಮೀಟರ್ ಹೊರಗೆ ಅಳೆಯಬೇಕು, ಸುಣ್ಣದ ಗೆರೆ ಮಾತ್ರ ಇದ್ದರೆ 20. ಎಷ್ಟೋ ಕಡೆ ಅಂಚಿನ ಮೇಲೇ ಟೇಪ್ ಹಿಡಿದು 400 ಮಾಡಿರುತ್ತಾರೆ. ಅಂಥ ಟ್ರ್ಯಾಕಿನಲ್ಲಿ 30 ಸೆಂಟಿಮೀಟರ್ ಆಚೆ ಓಡೋ ಹುಡುಗಿ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಜಾಸ್ತಿ ಓಡುತ್ತಾಳೆ, ಕಾಲು ಸೆಕೆಂಡು ಹೋಯಿತು. ಅವಳ ಸಮಯ ಯಾಕೆ ಇಳಿಯುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳೋ ಮುಂಚೆ ಪಿ.ಟಿ. ಮೇಷ್ಟ್ರ ಜೊತೆ ಒಂದು ಭಾನುವಾರ ಟೇಪ್ ಹಿಡಿದು ನೋಡಿ. ರಾಜ್ಯ ಮಟ್ಟದ ಕೂಟಕ್ಕೆ ಮುಂಚೆ ಕೆಲವು ಸಲ ಬೆಂಗಳೂರಿನ ಸಿಂಥೆಟಿಕ್ ಮೇಲೆ ಓಡಿಸಿ, ತಿರುವಿನಲ್ಲಿ ಕಾಲು ಎಷ್ಟು ಹಿಡಿಯುತ್ತದೆ ಅನ್ನೋದು ಅಭ್ಯಾಸ ಆಗಬೇಕು. ಸ್ಪೈಕ್ಸ್, ಅಂದರೆ ಓಟದ ಬೂಟಿನ ಅಡಿಯ ಮೊಳೆ, ಅಲ್ಲಿ 9 ಮಿಲಿಮೀಟರ್ ದಾಟಂಗಿಲ್ಲ. ಮಣ್ಣಿಗೆ ಅಂತ ಹಾಕಿಸಿದ ಉದ್ದ ಮೊಳೆಯಲ್ಲೇ ಹೋದರೆ ಗೇಟಿನಲ್ಲೇ ವಾಪಸ್ ಕಳಿಸುತ್ತಾರೆ. 6 ಮಿಲಿಮೀಟರಿನ ಒಂದು ಸೆಟ್ ಮತ್ತು ಬಿಚ್ಚೋ ಕೀಲಿ ಬ್ಯಾಗಿನಲ್ಲಿ ಹಾಕಿ ಕಳಿಸಿ.